ಶ್ರೇಷ್ಠ ಪ್ರಬಂಧವನ್ನು ಗುರುತಿಸುವುದು ಹೇಗೆ?

ವಿಜ್ಞಾನ ಪತ್ರಿಕೆಗಳೂ ವೃತ್ತಿಸಂಘಗಳೂ 'ಅತ್ಯುತ್ತಮ ಸಂಶೋಧನಾ ಪ್ರಬಂಧ'ಗಳನ್ನು ಆರಿಸಿ ಗೌರವಿಸುವ ರೂಢಿಯನ್ನು ನೀವು ಬಲ್ಲಿರಿ. ಆಯ್ಕೆಗೆ ಬಳಸುವ ಮಾನದಂಡಗಳೂ ಹೊಸವಲ್ಲ: ಕಲ್ಪನೆಯ ಹೊಸತನ, ಪ್ರಕಟವಾದ ಪತ್ರಿಕೆಯ ಪ್ರತಿಷ್ಠೆ, ಇತರರು ಅದನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬ ಲೆಕ್ಕ. ಶುದ್ಧ ಭೌತವಿಜ್ಞಾನದಲ್ಲಿ ಇವು ಹೇಗೋ ನಡೆಯುತ್ತವೆ. ಬೆಳಕನ್ನು ರೋಗಿಯ ದೇಹದೊಳಗೆ ಹಾಯಿಸುವ ಜೀವವೈದ್ಯಕೀಯ ದ್ಯುತಿವಿಜ್ಞಾನದಲ್ಲಿ ಇವು ಸಾಲವು.

ಸುಲಭವಾದ ಉದಾಹರಣೆಯನ್ನು ಮೊದಲು ನೋಡೋಣ. 1991ರ ನವೆಂಬರಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಡೇವಿಡ್ ಹುವಾಂಗ್, ಎರಿಕ್ ಸ್ವಾನ್ಸನ್, ಜೇಮ್ಸ್ ಫ್ಯೂಜಿಮೋಟೊ ಮತ್ತು ಸಂಗಡಿಗರ ನಾಲ್ಕು ಪುಟಗಳ ಪ್ರಬಂಧ ಬಂತು. ಬೆಳಕಿನ ವ್ಯತೀಕರಣದ ನೆರವಿನಿಂದ ಅಕ್ಷಿಪಟಲದ ಪದರಗಳನ್ನು ಕೊಯ್ಯದೆಯೇ ಚಿತ್ರಿಸುವ ಆಪ್ಟಿಕಲ್ ಕೊಹಿರೆನ್ಸ್ ಟೊಮೊಗ್ರಫಿಗೆ ಅದು ನಾಂದಿ. ಅದರಲ್ಲಿದ್ದುದು ದೇಹದಿಂದ ಹೊರತೆಗೆದ ಅಂಗಾಂಶಗಳ ಚಿತ್ರಗಳು. ಜೀವಂತ ಕಣ್ಣಿನ ಚಿತ್ರಗಳು 1993ರಲ್ಲಿ ಬಂದವು. ಈ ಮೂವರಿಗೆ ಲಾಸ್ಕರ್ ಪ್ರಶಸ್ತಿ ದೊರೆತದ್ದು 2023ರಲ್ಲಿ. ತಡವಾದರೂ ಇಲ್ಲಿ ತೀರ್ಪುಗಾರರಿಗೆ ಕಷ್ಟವೇನಿರಲಿಲ್ಲ. ಪ್ರತಿಷ್ಠಿತ ಪತ್ರಿಕೆ, ನೋಡಿದೊಡನೆ ಒಪ್ಪಿಸುವ ಚಿತ್ರ, ಬೆಟ್ಟದಷ್ಟು ಉಲ್ಲೇಖಗಳು, ಎಲ್ಲವೂ ಇದ್ದವು.

ಇನ್ನು ಕಷ್ಟದ ಉದಾಹರಣೆ. ಜಪಾನಿನ ನಿಹೋನ್ ಕೋಡೆನ್ ಸಂಸ್ಥೆಯ ಎಂಜಿನಿಯರ್ ತಾಕುವೋ ಅವೋಯಾಗಿ 1970ರ ದಶಕದ ಆರಂಭದಲ್ಲಿ ಹೃದಯ ಪ್ರತಿ ನಿಮಿಷ ಪಂಪು ಮಾಡುವ ರಕ್ತದ ಪ್ರಮಾಣವನ್ನು ಅಳೆಯಲು ಹೊರಟಿದ್ದರು. ರಕ್ತಕ್ಕೆ ಬಣ್ಣದ ದ್ರವ್ಯವನ್ನು ಚುಚ್ಚಿ, ಅದು ತೆಳುವಾಗುತ್ತ ಹೋಗುವುದನ್ನು ಕಿವಿಯ ಹಾಲೆಯ ಮೂಲಕ ಹಾಯಿಸಿದ ಬೆಳಕಿನಿಂದ ಗುರುತಿಸುವುದು ಅವರ ವಿಧಾನ. ಆದರೆ ನಾಡಿ ಬಡಿದಾಗಲೆಲ್ಲ ಬೆಳಕಿನ ರೇಖೆ ಏರಿಳಿದು ಲೆಕ್ಕ ಕೆಡುತ್ತಿತ್ತು. ಈ ಉಪದ್ರವವನ್ನು ತೊಡೆಯಲು ಅವರು ಎರಡು ತರಂಗದೂರಗಳ ಬೆಳಕನ್ನು ಬಳಸಿ ಒಂದರ ಏರಿಳಿತದಿಂದ ಇನ್ನೊಂದರದನ್ನು ಸರಿದೂಗಿಸಿದರು. ರಕ್ತದಲ್ಲಿ ಆಕ್ಸಿಜನ್ ಪ್ರಮಾಣ ಬದಲಾದಾಗ ಮಾತ್ರ ಈ ಸರಿದೂಗಿಕೆ ಕೆಡುತ್ತಿತ್ತು. ಬೇರೊಬ್ಬರು ಇದನ್ನು ಉಪಕರಣದ ದೋಷವೆಂದು ಬದಿಗಿಡುತ್ತಿದ್ದರೇನೋ. ಅವೋಯಾಗಿ ಅದನ್ನೇ ಅಳತೆಯನ್ನಾಗಿ ಮಾಡಿಕೊಂಡರು. ಕೆಂಪು ಮತ್ತು ಅವಕೆಂಪು ಬೆಳಕುಗಳ ನಾಡಿ-ಏರಿಳಿತಗಳ ಅನುಪಾತವೇ ಅಪಧಮನಿಯ ಆಕ್ಸಿಜನ್ ಮಟ್ಟವನ್ನು ಹೇಳಬಲ್ಲುದು ಎಂಬುದು ಅವರ ಶೋಧ. ಅದೇ ಪಲ್ಸ್ ಆಕ್ಸಿಮೀಟರ್.

ಇಷ್ಟು ದೊಡ್ಡ ವಿಚಾರ ಪ್ರಕಟವಾದದ್ದು 1974ರಲ್ಲಿ, ದೇಶೀಯ ಸಮ್ಮೇಳನವೊಂದರಲ್ಲಿ, ಜಪಾನಿ ಭಾಷೆಯ ಒಂದು ಕಿರು ಸಾರಾಂಶವಾಗಿ. ಅದರ ಹಿರಿಮೆಯನ್ನು ಹೊರಜಗತ್ತಿಗೆ ವಿವರವಾಗಿ ತಿಳಿಸಿದವರಲ್ಲಿ ಪ್ರಮುಖರು ಅಮೆರಿಕದ ಜಾನ್ ಸೆವರಿಂಗ್‌ಹೌಸ್. ಅದೂ 1980ರ ದಶಕದಲ್ಲಿ. ಉಲ್ಲೇಖ ಎಣಿಸುವ ಯಾವ ಸಮಿತಿಯೂ 1975ರಲ್ಲಿ ಇದನ್ನು ಕೈಗೆತ್ತಿಕೊಳ್ಳುತ್ತಿರಲಿಲ್ಲ. ನಮ್ಮ ವಿಶ್ವವಿದ್ಯಾನಿಲಯಗಳ ಬಡ್ತಿಯ ಅಂಕಪಟ್ಟಿಯಲ್ಲಿ ಇಂಥ ಸಾರಾಂಶಕ್ಕೆ ಎಷ್ಟು ಅಂಕ ಸಿಕ್ಕೀತೆಂದು ಅಧ್ಯಾಪಕ ಓದುಗರು ಊಹಿಸಬಲ್ಲರು.

ಕಥೆಯ ಇನ್ನೊಂದು ಮಗ್ಗುಲು ಹೆಚ್ಚು ಗಂಭೀರವಾದುದು. ಚರ್ಮದ ಮೆಲನಿನ್ ನಾಡಿಯೊಡನೆ ಬದಲಾಗುವುದಿಲ್ಲ. ಆದ್ದರಿಂದ ಅನುಪಾತ ತೆಗೆದಾಗ ಅದರ ಪ್ರಭಾವ ತಾನಾಗಿಯೇ ಕಳೆದುಹೋಗಬೇಕು. ಇದು ಸೂತ್ರ ಹೇಳುವ ಮಾತು. ವಾಸ್ತವದಲ್ಲಿ ಅಂಗಾಂಶದೊಳಗೆ ಬೆಳಕು ನೇರ ಸಾಗದೆ ಚದರುತ್ತದೆ, ಎಲ್‌ಇಡಿಯ ಬೆಳಕು ಒಂದೇ ತರಂಗದೂರದ್ದಲ್ಲ. ಹೀಗಾಗಿ ಉಪಕರಣವು ಸೂತ್ರಕ್ಕಿಂತ ಹೆಚ್ಚಾಗಿ ಸ್ವಯಂಸೇವಕರ ಮೇಲೆ ಮಾಡಿದ ಕ್ಯಾಲಿಬ್ರೇಷನ್ನನ್ನು ನಂಬಿದೆ. ಕಪ್ಪು ಚರ್ಮದವರಲ್ಲಿ ಅದು ವಾಸ್ತವಕ್ಕಿಂತ ಹೆಚ್ಚಿನ ಅಂಕಿ ತೋರಿಸಬಹುದೆಂದು 1990ರಲ್ಲಿಯೂ 2005ರಲ್ಲಿಯೂ ಪ್ರಬಂಧಗಳು ಬಂದವು. ಹೆಚ್ಚಿನವರು ಕಿವಿಗೊಡಲಿಲ್ಲ. 2020ರ ಡಿಸೆಂಬರಿನಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಮೈಕೆಲ್ ಸ್ಯೋಡಿಂಗ್ ಮತ್ತು ಸಂಗಡಿಗರ ಪತ್ರ ಬಂದ ಮೇಲೆಯೇ ಎಚ್ಚರವಾದದ್ದು. ಮಿಷಿಗನ್ ವಿಶ್ವವಿದ್ಯಾನಿಲಯದ ರೋಗಿಗಳಲ್ಲಿ ಆಕ್ಸಿಮೀಟರ್ 92ರಿಂದ 96 ಶೇಕಡಾ ತೋರಿಸುತ್ತಿದ್ದಾಗ, ರಕ್ತಪರೀಕ್ಷೆಯ ಪ್ರಕಾರ ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದ ಪ್ರಸಂಗಗಳು ಬಿಳಿಯರಲ್ಲಿ ಶೇಕಡಾ 3.6, ಕರಿಯರಲ್ಲಿ ಶೇಕಡಾ 11.7.

ಈ ಪತ್ರದಲ್ಲಿ ಹೊಸ ಭೌತವಿಜ್ಞಾನವಿಲ್ಲ, ಹೊಸ ಉಪಕರಣವಿಲ್ಲ. ಕೊರತೆಗಳಿವೆ: ಲೇಖಕರು ಚರ್ಮದ ಬಣ್ಣವನ್ನು ಅಳೆಯಲಿಲ್ಲ, ಜನಾಂಗದ ಹೆಸರನ್ನೇ ಆಧರಿಸಿದರು, ಆಕ್ಸಿಮೀಟರಿನ ಅಂಕಿ ಮತ್ತು ರಕ್ತದ ಮಾದರಿಯ ನಡುವೆ 10 ನಿಮಿಷದವರೆಗೆ ಅಂತರವಿರಬಹುದಿತ್ತು. ಆದರೂ ನನ್ನ ಮಟ್ಟಿಗೆ ಈ ಕ್ಷೇತ್ರದ ಶ್ರೇಷ್ಠ ಬರಹಗಳಲ್ಲಿ ಇದೂ ಒಂದು. ಬಳಕೆಯಲ್ಲಿದ್ದ ಮಾಪಕವೊಂದು ಯಾರ ವಿಷಯದಲ್ಲಿ ತಪ್ಪುತ್ತದೆ ಎಂದು ಅಂಕಿಯಲ್ಲಿ ತೋರಿಸುವ ಪ್ರಬಂಧ, ಹೊಸ ಮಾಪಕ ಕಟ್ಟುವ ಪ್ರಬಂಧಕ್ಕಿಂತ ಕಡಿಮೆಯದೇನಲ್ಲ. ಆಯ್ಕೆ ಸಮಿತಿಗಳು 'ಇದರಲ್ಲಿ ಹೊಸತೇನು?' ಎಂದು ಕೇಳುವಷ್ಟೇ ಗಟ್ಟಿಯಾಗಿ 'ಇದನ್ನು ಯಾರ ದೇಹದ ಮೇಲೆ ಪರೀಕ್ಷಿಸಿದಿರಿ?' ಎಂದೂ ಕೇಳಬೇಕು. ದಾನಿಗಳು ನೀಡಿದ ಐದಾರು ಬೆರಳುಗಳ ಚಿತ್ರ ಹಾಕಿ 'ಎಲ್ಲರಿಗೂ ಅನ್ವಯ' ಎಂದು ಬರೆಯುವ ಪ್ರಬಂಧಗಳಿಗೆ ಆಗ ಸ್ವಲ್ಪ ಕಡಿವಾಣ ಬಿದ್ದೀತು.

ನಮಗೆ ಇದು ದೂರದ ಚರ್ಚೆಯಲ್ಲ. 2021ರ ಕೋವಿಡ್ ಅಲೆಯಲ್ಲಿ ಹಳ್ಳಿಯ ಮನೆಗಳಲ್ಲಿಯೂ ಆಕ್ಸಿಮೀಟರ್ ಬಂದು, 94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆ ಎಂಬ ಅಂಕಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಆಗ ಬಳಕೆಯಲ್ಲಿದ್ದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ 2013ರ ಮಾರ್ಗಸೂಚಿ ಕೇಳುತ್ತಿದ್ದುದು ಕನಿಷ್ಠ 10 ಜನರ ಪರೀಕ್ಷೆ. ಅವರಲ್ಲಿ ಕಪ್ಪು ಚರ್ಮದವರು ಇಬ್ಬರು ಅಥವಾ ಶೇಕಡಾ 15, ಯಾವುದು ಹೆಚ್ಚೋ ಅದು. 2025ರ ಜನವರಿಯಲ್ಲಿ ಹೊರಬಂದ ಅದರ ಹೊಸ ಕರಡು ಈ ಸಂಖ್ಯೆಯನ್ನು ಹಲವು ಪಟ್ಟು ಹೆಚ್ಚಿಸಿ, ಚರ್ಮದ ಬಣ್ಣವನ್ನು ಅಳೆದೇ ನೋಡಬೇಕೆಂದು ಸೂಚಿಸಿದೆ. ಕಂದು ಬಣ್ಣದ ನಾನಾ ಛಾಯೆಗಳ ನಮ್ಮ ಜನರ ಮೇಲೆ ಅಂಥ ಅಳತೆ ಮಾಡಲು ಬೇಕಾದ ಪ್ರಯೋಗಾಲಯ, ರೋಗಿಗಳು, ಎಂ.ಎಸ್ಸಿ. ವಿದ್ಯಾರ್ಥಿಗಳು ನಮ್ಮಲ್ಲೇ ಇದ್ದಾರೆ.