ದಿನ ಬಿಟ್ಟು ದಿನದ ಪಟ್ಟಿ

"ಕಾಲು ಊರಬ್ಯಾಡ್ರಿ" ಎನ್ನುತ್ತಾರೆ ಡಾಕ್ಟರು. ಚೀಟಿ ಕೈಗಿಡುವಾಗ "ದಿನ ಬಿಟ್ಟು ದಿನ ಬಂದು ಪಟ್ಟಿ ಕಟ್ಟಿಸ್ಕೊಂಡು ಹೋಗ್ರಿ" ಎಂದೂ ಸೇರಿಸುತ್ತಾರೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಶುಗರಿನ ಹುಣ್ಣಿಗೆ ಸಿಗುವ ಚಿಕಿತ್ಸೆ ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡಿದೆ. ಊರಿನಿಂದ ದೂರ, ತೋಟದ ವಸತಿಯಲ್ಲಿರುವ ರೋಗಿ ಎರಡನ್ನೂ ಪಾಲಿಸುವುದು ಹೇಗೆ?

ಸಕ್ಕರೆ ಕಾಯಿಲೆ ಹಳತಾದಂತೆ ಅಂಗಾಲಿನ ನರಗಳು ಸತ್ತು ಸ್ಪರ್ಶ ಹೋಗುತ್ತದೆ. ಕಬ್ಬಿನ ಕೂಳೆ ಚುಚ್ಚಿದರೂ, ಕೆರದೊಳಗೆ ಹರಳು ಸೇರಿದರೂ ಗೊತ್ತಾಗುವುದಿಲ್ಲ. ನೋವಿಲ್ಲದ್ದರಿಂದ ಆ ಗಾಯದ ಮೇಲೆಯೇ ನಡೆದಾಟ ಸಾಗುತ್ತದೆ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಪಾದಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಕಂಡುಕೊಂಡದ್ದು ಇದನ್ನೇ: ಸ್ಪರ್ಶವಿಲ್ಲದ ಪಾದದ ಹುಣ್ಣು ಮಾಯಬೇಕಾದರೆ ಅದರ ಮೇಲಿನ ಭಾರ ತಪ್ಪಬೇಕು. ಪ್ಲಾಸ್ಟರ್ ಹಾಕಿ ಭಾರ ತಪ್ಪಿಸಿದರೆ ಹಳೆಯ ಹುಣ್ಣುಗಳೂ ಮುಚ್ಚಿಕೊಳ್ಳುತ್ತವೆ. ಮುಲಾಮು, ಪಟ್ಟಿಗಳು ಅದರ ನಂತರದವು.

ನಮ್ಮ ಪದ್ಧತಿ ಪಟ್ಟಿಯನ್ನು ಮುಂದಿಟ್ಟು ಭಾರವನ್ನು ಮರೆತಿದೆ. ವಸತಿಯಿಂದ ಡಾಂಬರು ರಸ್ತೆಗೆ, ಅಲ್ಲಿಂದ ಟಂಟಂ, ಆಮೇಲೆ ಬಸ್ಸು. ದವಾಖಾನೆಯಲ್ಲಿ ಚೀಟಿಗೊಂದು ಪಾಳಿ, ಡ್ರೆಸ್ಸಿಂಗಿಗೆ ಇನ್ನೊಂದು. ಕೆಲವೇ ನಿಮಿಷದ ಪಟ್ಟಿಗಾಗಿ ಹುಣ್ಣಿನ ಕಾಲು ಅರ್ಧ ದಿನ ನೆಲಕ್ಕೆ ಒತ್ತುತ್ತದೆ. ಜೊತೆಗೆ ಬಂದ ಮಗನ ಕೂಲಿ ಹೋಯಿತು. ಹೆಂಡತಿ ಬಂದರೆ 2023ರಿಂದ ಶಕ್ತಿ ಯೋಜನೆಯಲ್ಲಿ ಅವಳಿಗೆ ಬಸ್ಸಿನ ಚಾರ್ಜಿಲ್ಲ. ಕಾಲು ಹೋಗುತ್ತಿರುವ ಗಂಡಸು ದುಡ್ಡು ಕೊಡಬೇಕು. ಕಾಗವಾಡದವರಿಗೆ ಮಿರಜ ಹತ್ತಿರ, ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. ಆದರೆ ಎರಡೂ ಊರು ಗಡಿಯಾಚೆ. ಅಥಣಿಯಿಂದ ಜಿಲ್ಲಾಕೇಂದ್ರ ಬೆಳಗಾವಿಗೆ ನೂರು ಕಿಲೋಮೀಟರಿಗೂ ಹೆಚ್ಚು. ಮಳೆಗಾಲದಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿದರೆ ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜದಂಥ ತಗ್ಗು ಸೇತುವೆಗಳು ಮುಳುಗಿ ದಾರಿಯೇ ಸುತ್ತುಬಳಸಾಗುತ್ತದೆ. ಆಗ ರೋಗಿ ಬರುವುದು ಬಿಡುತ್ತಾನೆ. "ಪೇಷಂಟ್ ಬರಲೇ ಇಲ್ಲ" ಎಂಬ ದೂರು ಹುಟ್ಟುವುದು ಇಲ್ಲಿ. ಆ ದೂರು ನನಗೆ ಅನ್ಯಾಯವೆಂದೇ ಕಾಣುತ್ತದೆ.

ಭೇಟಿಗಳೆಲ್ಲ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಕೀವು, ದುರ್ವಾಸನೆ, ಜ್ವರ, ಮೇಲೇರುವ ಕೆಂಪು, ಕಪ್ಪಾದ ಬೆರಳು ಕಂಡರೆ ಅದೇ ದಿನ ಶಸ್ತ್ರವೈದ್ಯರ ಬಳಿ ಓಡಬೇಕು. ಸತ್ತ ಮಾಂಸ ತೆಗೆಯುವ ಕೆಲಸ ಮನೆಯಲ್ಲಿ ಆಗದು. ಆದರೆ ಸೋಂಕಿಲ್ಲದ ಹುಣ್ಣಿನ ಪಟ್ಟಿ ಬದಲಿಸಲು ತಾಲೂಕು ಕೇಂದ್ರ ಬೇಕಿಲ್ಲ. ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ. ಇ-ಸಂಜೀವಿನಿ ಮೂಲಕ ಗಾಯವನ್ನು ದೂರದ ವೈದ್ಯರಿಗೆ ತೋರಿಸಲೂಬಹುದು. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಿಗೆ ಹೋಗಿ ಬಿಪಿ, ಶುಗರ್ ನೋಡಿ ಗುಳಿಗೆ ಕೊಡುತ್ತದೆ. ಹಾಗೆ ಹೋದವರು ರೋಗಿಯ ಅಂಗಾಲನ್ನೂ ಎತ್ತಿ ನೋಡಲಿ.

ನನ್ನನ್ನು ಹೆಚ್ಚು ಕಾಡುವುದು ಕೆರದ ವಿಷಯ. ಅಥಣಿ, ನಿಪ್ಪಾಣಿಯ ಕುಶಲಕರ್ಮಿಗಳು ತಲೆತಲಾಂತರದಿಂದ ಚಪ್ಪಲಿ ಹೊಲಿಯುವವರು. ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿಯ ಸೀಮೆಯಲ್ಲಿ ಬೆಳಗಾವಿ ಜಿಲ್ಲೆಯೂ ಇದೆ. ಆ ಚಪ್ಪಲಿಯ ಗಟ್ಟಿ ಅಟ್ಟೆ ಸ್ಪರ್ಶವಿಲ್ಲದ ಪಾದಕ್ಕೆ ತಕ್ಕದ್ದಲ್ಲ, ನಿಜ. ಆದರೆ ಕುಷ್ಠರೋಗ ಕಾರ್ಯಕ್ರಮದವರು ಕೊಡುವ ಮೆತ್ತನೆಯ ಎಂ.ಸಿ.ಆರ್. (ಮೈಕ್ರೊಸೆಲ್ಯುಲರ್ ರಬ್ಬರ್) ಅಟ್ಟೆಯನ್ನು ಅಳತೆಗೆ ತಕ್ಕಂತೆ ಹೊಲಿಯಬಲ್ಲ ಕೈಗಳು ಇಲ್ಲಿಯೇ ಇವೆ. ಶುಗರಿನವರಿಗೂ ಅದನ್ನು ಇಲ್ಲಿಯೇ ಹೊಲಿಸಿ ಕೊಡಬಹುದು.

ಬಡ ಕುಟುಂಬದವರು ಆಸ್ಪತ್ರೆಗೆ ದಾಖಲಾದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಭರಿಸುತ್ತದೆ. ಕಾಲು ಉಳಿಸಿಕೊಳ್ಳಲು ತಿಂಗಳುಗಟ್ಟಲೆ ತಿರುಗುವ ಬಸ್ಸಿನ ಚಾರ್ಜು, ತಪ್ಪಿದ ಕೂಲಿ ಆ ಲೆಕ್ಕದಲ್ಲಿ ಬರುವುದಿಲ್ಲ. ಆರೋಗ್ಯ ಇಲಾಖೆ ಈ ಐದು ತಾಲೂಕುಗಳ ಉಪಕೇಂದ್ರಗಳಿಗೆ ಪಟ್ಟಿ ಸಾಮಾನು ತಲುಪಿಸಿ ಸಿಬ್ಬಂದಿಗೆ ತರಬೇತಿ ಕೊಡಲಿ. ನದಿಗಳು ತುಂಬುವ ಮೊದಲೇ ಕೊಡಲಿ.