ಎದುರಂಗಡಿಯ ಪರೀಕ್ಷೆ

ಯಹೂದಿ ಚಿಂತಕ ಬಹ್ಯಾ ಇಬ್ನ್ ಪಕೂದಾ ತನ್ನ ಗ್ರಂಥದಲ್ಲಿ ಒಂದು ಕಥೆ ಹೇಳುತ್ತಾನೆ. ವಿರಕ್ತನೊಬ್ಬ ಹೊಟ್ಟೆಪಾಡು ಹುಡುಕಿಕೊಂಡು ದೂರದ ಊರಿಗೆ ಹೋಗುತ್ತಾನೆ. ಅಲ್ಲಿ ಅನ್ಯದೇವತೆಯನ್ನು ಪೂಜಿಸುವವನೊಬ್ಬ ಎದುರಾಗುತ್ತಾನೆ. ಎಂಥ ಕುರುಡು ಪೂಜೆ ನಿಮ್ಮದು ಎಂದು ವಿರಕ್ತ ಹಳಿದಾಗ, ಹಾಗಾದರೆ ನೀನು ಯಾರನ್ನು ಪೂಜಿಸುತ್ತೀಯ ಎಂದು ಅವನು ಕೇಳುತ್ತಾನೆ. ಎಲ್ಲವನ್ನೂ ಸೃಷ್ಟಿಸಿದ, ಎಲ್ಲರಿಗೂ ಅನ್ನ ಕೊಡುವ, ಸಾಟಿಯಿಲ್ಲದ ಒಬ್ಬನನ್ನು ಎಂದು ವಿರಕ್ತ ಉತ್ತರಿಸುತ್ತಾನೆ. ನಿನ್ನ ನಡೆಯೇ ನಿನ್ನ ನುಡಿಯನ್ನು ಸುಳ್ಳು ಮಾಡುತ್ತಿದೆಯಲ್ಲ, ಅಂಥವನು ನಿನ್ನ ಊರಿನಲ್ಲೇ ನಿನಗೆ ಅನ್ನ ಕೊಡುತ್ತಿರಲಿಲ್ಲವೇ, ಇಷ್ಟು ದೂರ ಬರುವ ಕಷ್ಟ ಏಕೆ ಬೇಕಿತ್ತು ಎನ್ನುತ್ತಾನೆ ಆ ಮನುಷ್ಯ. ವಿರಕ್ತನ ಬಾಯಿ ಕಟ್ಟುತ್ತದೆ. ಊರಿಗೆ ಮರಳಿದವನು ಮತ್ತೆಂದೂ ಊರು ಬಿಡುವುದಿಲ್ಲ.

ದೇವರಲ್ಲಿ ಭರವಸೆ ಇಡುವುದು ಹೇಗೆಂದು ಕಲಿಸಹೊರಟ ಲೇಖಕ ಮೊದಲ ಪೆಟ್ಟು ಕೊಡುವುದು ತನ್ನವನಿಗೇ, ಅದೂ ಪರಧರ್ಮದವನ ಬಾಯಿಂದ. ಇದು ಸಣ್ಣ ಧೈರ್ಯವಲ್ಲ. ಆದರೆ ಕಥೆ ಮುಗಿಯುವ ಬಗೆ ನನಗೆ ಒಪ್ಪಿಗೆಯಾಗುವುದಿಲ್ಲ. ವಿರಕ್ತ ತನ್ನ ಅನ್ನದ ಲೆಕ್ಕವನ್ನು ಸರಿಪಡಿಸಿಕೊಂಡ, ಸರಿ. ತಾನು ಹಳಿದ ಆ ಮನುಷ್ಯನಿಗೆ ಏನು ಹೇಳಿದ? ಕಣ್ಣು ತೆರೆಸಿದ್ದಕ್ಕೆ ಕೈಮುಗಿದನೇ? ಕಥೆಗೆ ಅದು ಬೇಕಾಗಿಯೇ ಇಲ್ಲ. ಭರವಸೆ ಎಂದರೆ ಒಬ್ಬ ಮನುಷ್ಯ ಮತ್ತು ಅವನ ದೇವರ ನಡುವಿನ ವ್ಯವಹಾರ, ಮೂರನೆಯವನು ಬರೀ ನೆಪ. ಈ ಗ್ರಂಥದೊಡನೆ ನನ್ನ ಜಗಳವಿರುವುದು ಇಲ್ಲಿಯೇ. ಜಗಳವಾಡುವಷ್ಟು ಪ್ರೀತಿ ಈ ಗ್ರಂಥದ ಮೇಲಿದೆ ಎಂಬುದನ್ನೂ ಮೊದಲೇ ಹೇಳಿಬಿಡಬೇಕು.

ಹನ್ನೊಂದನೆಯ ಶತಮಾನದ ಸ್ಪೇನಿನ ಸರಗೋಸಾದಲ್ಲಿ ಬಹ್ಯಾ ಯಹೂದಿ ಸಮುದಾಯದ ನ್ಯಾಯಾಧೀಶನಾಗಿದ್ದ. ಸುಮಾರು 1080ರ ಹೊತ್ತಿಗೆ ‘ಹೃದಯದ ಕರ್ತವ್ಯಗಳು’ ಎಂಬ ಈ ಗ್ರಂಥವನ್ನು ಅರಬ್ಬಿಯಲ್ಲಿ ಬರೆದ. 1161ರಲ್ಲಿ ಯೆಹೂದಾ ಇಬ್ನ್ ತಿಬ್ಬೋನ್ ಅದನ್ನು ಹೀಬ್ರೂಗೆ ತರತೊಡಗಿದ ಮೇಲೆ ‘ಹೋವೊತ್ ಹಲೆವಾವೊತ್’ ಎಂಬ ಹೆಸರಿನಲ್ಲಿ ಅದು ಯಹೂದಿ ಲೋಕವನ್ನೆಲ್ಲ ಸುತ್ತಿತು. ಕೈಕಾಲು ಮಾಡುವ ಕರ್ತವ್ಯಗಳ ಬಗ್ಗೆ, ಅಂದರೆ ಏನು ಉಣ್ಣಬೇಕು, ಯಾವಾಗ ಪ್ರಾರ್ಥಿಸಬೇಕು, ವಿಚ್ಛೇದನದ ಪತ್ರ ಹೇಗೆ ಬರೆಯಬೇಕು ಎಂಬ ಬಗ್ಗೆ ರಾಶಿ ಗ್ರಂಥಗಳಿವೆ, ಹೃದಯ ಮಾಡಬೇಕಾದದ್ದರ ಬಗ್ಗೆ ಯಾರೂ ಬರೆದಿಲ್ಲ ಎಂಬುದು ಅವನ ತಕರಾರು. ವಿಚ್ಛೇದನ ಕಾನೂನಿನಲ್ಲಿ ಎಂದೂ ಎದುರಾಗದಂಥ ಒಂದು ವಿಚಿತ್ರ ಪ್ರಶ್ನೆ ತಂದವನಿಗೆ ಒಬ್ಬ ಪಂಡಿತ, ಗೊತ್ತಿಲ್ಲದಿದ್ದರೂ ನಷ್ಟವಿಲ್ಲದ್ದನ್ನು ಕೇಳುತ್ತಿದ್ದೀಯ, ಗೊತ್ತಿರಲೇಬೇಕಾದದ್ದನ್ನೆಲ್ಲ ಕಲಿತು ಮುಗಿಸಿದೆಯಾ ಎಂದು ಗದರಿದ್ದನ್ನು ಪೀಠಿಕೆಯಲ್ಲಿ ನೆನೆಯುತ್ತಾನೆ. ನ್ಯಾಯಪೀಠದಲ್ಲಿ ಕೂತು ಇಂಥ ಪ್ರಶ್ನೆಗಳನ್ನು ಕೇಳಿ ಕೇಳಿ ಬೇಸತ್ತವನ ದನಿ ಅಲ್ಲಿದೆ. ಸೂಫಿಗಳ ಬರವಣಿಗೆಯಿಂದ ಅವನು ಧಾರಾಳವಾಗಿ ಪಡೆದುಕೊಂಡಿದ್ದಾನೆ, ಅದರ ಬಗ್ಗೆ ಅವನಿಗೆ ಸಂಕೋಚವಿಲ್ಲ. ಮಾತು ನಿಜವಾಗಿದ್ದರೆ ಯಾರು ಆಡಿದರೇನು ಎಂಬ ನಿಲುವು ಅವನದು.

ಗ್ರಂಥಕ್ಕೆ ಹತ್ತು ದ್ವಾರಗಳು, ಅಂದರೆ ಭಾಗಗಳು. ನಾಲ್ಕನೆಯದು ಭರವಸೆಯ ದ್ವಾರ, ಹೀಬ್ರೂವಿನಲ್ಲಿ ‘ಬಿಟಾಹೋನ್’. ಅದರ ಮೊದಲಲ್ಲೇ ರಸವಾದಿ ಬರುತ್ತಾನೆ, ಬೆಳ್ಳಿಯನ್ನು ಚಿನ್ನ, ತಾಮ್ರವನ್ನು ಬೆಳ್ಳಿ ಮಾಡಬಲ್ಲವನು. ದೇವರನ್ನು ನಂಬಿದವನು ಹತ್ತು ವಿಷಯಗಳಲ್ಲಿ ಇವನಿಗಿಂತ ಮೇಲು ಎಂದು ಬಹ್ಯಾ ಲೆಕ್ಕ ಒಪ್ಪಿಸುತ್ತಾನೆ. ರಸವಾದಿಗೆ ಇಂಥದೇ ಸಾಮಗ್ರಿ ಬೇಕು. ಹೊಗೆ ಕುಡಿದು ಮೈ ಕೆಡುತ್ತದೆ. ಗುಟ್ಟು ಯಾರಿಗೆ ತಿಳಿದೀತೋ ಎಂಬ ದಿಗಿಲು. ಮಾಡಿದ ಚಿನ್ನವನ್ನು ಕಾಯುವ ದಿಗಿಲು ಬೇರೆ. ಚಿನ್ನ ಮಾಡಬಲ್ಲವನೂ ನೆಮ್ಮದಿಯಾಗಿ ನಿದ್ದೆ ಮಾಡಲಾರ ಎಂಬುದನ್ನು ಇಷ್ಟು ವಿವರವಾಗಿ ಕಂಡವನು ಹಣವಂತರ ಮನೆಗಳನ್ನು ಹತ್ತಿರದಿಂದ ಬಲ್ಲವನೇ ಇರಬೇಕು.

ಹಾಗೆಂದು ಅವನು ದುಡಿಮೆ ಬಿಡು ಎನ್ನುವವನಲ್ಲ. ಬೆಕ್ಕಿಗೆ ಇಲಿ ಹಿಡಿಯುವುದು ಹೇಗೆ ಸಹಜವೋ ಹಾಗೆ ಒಬ್ಬೊಬ್ಬನಿಗೆ ಒಂದೊಂದು ಕಸುಬಿನ ಕಡೆಗೆ ಮನಸ್ಸು ಹರಿಯುತ್ತದೆ, ಅದನ್ನು ಹಿಡಿ ಎನ್ನುತ್ತಾನೆ. ಕಾಯಿಲೆ ಬಂದರೆ ಮದ್ದು ತೆಗೆದುಕೋ, ಗುಣವಾದದ್ದು ಮದ್ದಿನಿಂದಲೇ ಎಂದುಕೊಳ್ಳಬೇಡ. ಆಯುಸ್ಸು ದೇವರ ಕೈಯಲ್ಲಿದೆಯೆಂದು ವಿಷ ಕುಡಿಯಬೇಡ. ಪ್ರಯತ್ನ ನಿನ್ನ ಕರ್ತವ್ಯ, ಫಲಕ್ಕೆ ಕಾರಣ ನೀನಲ್ಲ. ನಾಲ್ಕನೆಯ ದ್ವಾರದ ಈ ಭಾಗದಲ್ಲಿ ಸೋಮಾರಿಗೂ ಜಾಗವಿಲ್ಲ, ಅಹಂಕಾರಿಗೂ ಇಲ್ಲ.

ಈ ಅರಬ್ಬಿ ಬರೆಯುವ ಯಹೂದಿ ಲೋಕಕ್ಕೆ ನಮ್ಮ ಕರಾವಳಿಯೂ ಸೇರಿತ್ತು. ಬಹ್ಯಾನ ಗ್ರಂಥ ಹುಟ್ಟಿ ಅರ್ಧ ಶತಮಾನ ಕಳೆದ ಮೇಲೆ, 1130 ಮತ್ತು 1140ರ ದಶಕಗಳಲ್ಲಿ, ಟುನೀಷಿಯಾ ಮೂಲದ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ನೆಲೆಸಿ ವ್ಯಾಪಾರ ಮಾಡುತ್ತಿದ್ದ. ಕೈರೋದ ಗೆನೀಜಾ ಸಂಗ್ರಹದಲ್ಲಿ ಉಳಿದುಬಂದ ಆ ವರ್ತಕರ ಪತ್ರಗಳಲ್ಲಿ ಹಡಗು ಮುಳುಗಿದ ಸುದ್ದಿಯೂ ದೇವರ ಚಿತ್ತದ ಮಾತೂ ಒಟ್ಟಿಗೇ ಬರುತ್ತವೆ. ಸರಕನ್ನು ಕಡಲಿಗೆ ಬಿಟ್ಟು ತಿಂಗಳುಗಟ್ಟಲೆ ಕಾಯುವವರಿಗೆ ಭರವಸೆ ಪುಸ್ತಕದ ವಿಷಯವಾಗಿರಲಿಲ್ಲ.

ಮತ್ತೆ ನನ್ನ ತಕರಾರಿಗೆ ಬರುತ್ತೇನೆ. ನಾಲ್ಕನೆಯ ದ್ವಾರದಲ್ಲಿ ಹೆಂಡತಿ, ನೆಂಟರು, ಗೆಳೆಯರು, ಶತ್ರುಗಳು ಎಲ್ಲರ ಪ್ರಸ್ತಾಪವೂ ಇದೆ. ಆದರೆ ಎಲ್ಲರೂ ದೇವರ ತೀರ್ಪು ಹರಿದುಬರುವ ಕಾಲುವೆಗಳು. ಉಪಕಾರ ಮಾಡಿದವನು ಕಾಲುವೆ, ಅಪಕಾರ ಮಾಡಿದವನೂ ಕಾಲುವೆ. ಇದರಿಂದ ಹಲ್ಲುಗಿಂಜುವುದು ತಪ್ಪುತ್ತದೆ, ಹಗೆಯೂ ಕರಗುತ್ತದೆ, ನಿಜ. ಆದರೆ ಆ ಗೆಳೆಯನಿಗೊಂದು ಮುಖ ಎಂದೂ ಮೂಡುವುದಿಲ್ಲ. ಅವನಿಗೂ ಹಸಿವಿದೆ, ಅವನಿಗೂ ಭಯವಿದೆ, ನನ್ನ ಭರವಸೆಯಿಂದ ಅವನಿಗೇನಾದರೂ ಸಿಕ್ಕಿತೇ ಎಂಬ ಪ್ರಶ್ನೆ ಏಳುವುದಿಲ್ಲ.

ಐದನೆಯ ದ್ವಾರಕ್ಕೆ ಬಂದರೆ ಬಹ್ಯಾ ಬೇರೆಯೇ ಎತ್ತರಕ್ಕೇರುತ್ತಾನೆ. ಮಾಡುವುದನ್ನೆಲ್ಲ ದೇವರೊಬ್ಬನಿಗಾಗಿಯೇ ಮಾಡುವುದು ಹೇಗೆ ಎಂಬುದು ಅದರ ವಿಷಯ. ಅದಕ್ಕೆ ಅಡ್ಡ ಬರುವುದು ‘ಯೆತ್ಸೆರ್ ಹರಾ’, ಮನುಷ್ಯನನ್ನು ಕೆಡುಕಿನ ಕಡೆಗೆ ಎಳೆಯುವ ಒಳಗಿನ ಒಲವು. ಯುದ್ಧ ಗೆದ್ದು ಕೊಳ್ಳೆ ಹೊತ್ತು ಬರುತ್ತಿದ್ದ ಪಡೆಗೆ ಒಬ್ಬ ಸಾಧು, ಸಣ್ಣ ಕಾಳಗ ಮುಗಿಸಿ ಬಂದಿರಿ, ದೊಡ್ಡದಕ್ಕೆ ಅಣಿಯಾಗಿ ಎಂದ ಕಥೆಯನ್ನು ಬಹ್ಯಾ ಹೇಳುತ್ತಾನೆ. ಸೂಫಿಗಳ ನಡುವೆ ಬಹಳ ಓಡಾಡಿದ ಮಾತು ಅದು. ಈ ವೈರಿ ನೀನು ಮಲಗಿದ್ದಾಗಲೂ ಮಲಗುವುದಿಲ್ಲ, ಗೆಳೆಯನ ವೇಷದಲ್ಲಿ ಬಂದು ನಿನ್ನ ಸಲಹೆಗಾರನಾಗುತ್ತಾನೆ ಎನ್ನುವಲ್ಲಿ ಅವನ ಗದ್ಯಕ್ಕೆ ಉಸಿರು ಬಿಗಿಹಿಡಿದ ವೇಗ ಬರುತ್ತದೆ.

ನನ್ನ ಮಟ್ಟಿಗೆ ಇಡೀ ಗ್ರಂಥದ ಶಿಖರ ಇದೇ ದ್ವಾರದ ಒಂದು ಸಣ್ಣ ಭಾಗ. ಪ್ರಾರ್ಥನೆಗೋ ದಾನಕ್ಕೋ ಮನಸ್ಸು ಹಿಂಜರಿಯುತ್ತಿದೆ ಎಂದಿಟ್ಟುಕೊಳ್ಳಿ. ಆಗ ಯೆತ್ಸೆರ್ ಪಕ್ಕದಲ್ಲಿ ಕೂತು, ಎಲ್ಲ ದೇವರ ಸಂಕಲ್ಪದಂತೆ ನಡೆಯುವುದು, ನಿನ್ನ ಕೈಯಲ್ಲೇನಿದೆ, ನಿನ್ನಿಂದ ಈ ಕೆಲಸ ಆಗಬೇಕೆಂದು ಅವನಿಗಿದ್ದಿದ್ದರೆ ಅವನೇ ಮಾಡಿಸುತ್ತಿದ್ದ ಎಂದು ಸಮಾಧಾನ ಹೇಳುತ್ತದೆ. ಅದೇ ಮನುಷ್ಯ ಪೇಟೆಗೆ ಹೊರಟಾಗ ಅದೇ ದನಿ ತಿರುಗಿ ಹೇಳುತ್ತದೆ: ಎಲ್ಲ ನಿನ್ನ ಕೈಯಲ್ಲೇ ಇದೆ, ಸೋಮಾರಿಯಾದರೆ ಕೆಟ್ಟೆ, ನಿನ್ನನ್ನು ಬಿಟ್ಟು ಯಾರನ್ನೂ ನಂಬಬೇಡ. ಕೊಡುವ ಹೊತ್ತಿಗೆ ದೈವ, ಗಳಿಸುವ ಹೊತ್ತಿಗೆ ಪುರುಷಪ್ರಯತ್ನ. ಎರಡು ವಾದಗಳೂ ಶಾಸ್ತ್ರದೊಳಗಿಂದಲೇ ಬಂದವು, ಬಿಡಿಬಿಡಿಯಾಗಿ ನೋಡಿದರೆ ಎರಡೂ ಸರಿ. ಕೆಡುಕು ಬರುವುದು ಪಾಪದ ಆಸೆ ತೋರಿಸಿಕೊಂಡಲ್ಲ, ಭಕ್ತಿಯ ಪರಿಭಾಷೆಯನ್ನೇ ಬಾಯಲ್ಲಿಟ್ಟುಕೊಂಡು ಎಂಬುದನ್ನು ಇಷ್ಟು ನಿಖರವಾಗಿ ಹೇಳಿದ ಬರಹ ನನಗೆ ಸಿಕ್ಕಿರುವುದು ಕಡಿಮೆ.

ಆದರೆ ಇಷ್ಟು ಕಂಡವನು ಈ ದೀಪವನ್ನು ತನ್ನದೇ ನಾಲ್ಕನೆಯ ದ್ವಾರದ ಕಡೆಗೆ ಏಕೆ ಹಿಡಿಯಲಿಲ್ಲ? ದೇವರನ್ನು ನಂಬಿ ನೆಮ್ಮದಿಯಾಗಿದ್ದೇನೆ ಎನ್ನುವವನ ನೆಮ್ಮದಿಯೇ ಯೆತ್ಸೆರ್ ಹೊಲಿದುಕೊಟ್ಟ ಅಂಗಿಯಾಗಿರಬಹುದಲ್ಲ.

ಬಹ್ಯಾನಿಗಿಂತ ಹಿಂದಿನವರಾದ, ಯಹೂದಿ ಶಾಸ್ತ್ರಗ್ರಂಥ ತಾಲ್ಮುದಿನ ಗುರುಗಳು ಯೆತ್ಸೆರನ್ನು ಇನ್ನಷ್ಟು ಉದಾರವಾಗಿ ನೋಡಿದ್ದರು. ಮೊದಲು ದಾರಿಹೋಕ, ಆಮೇಲೆ ಅತಿಥಿ, ಕೊನೆಗೆ ಮನೆಯ ಯಜಮಾನ ಎಂದು ಅದು ಬೆಳೆಯುವ ಬಗೆಯನ್ನು ಅವರು ಗುರುತಿಸಿದರು. ಆದರೆ ಅದಿಲ್ಲದಿದ್ದರೆ ಯಾರೂ ಮನೆ ಕಟ್ಟುತ್ತಿರಲಿಲ್ಲ, ಮದುವೆಯಾಗುತ್ತಿರಲಿಲ್ಲ, ವ್ಯಾಪಾರ ಮಾಡುತ್ತಿರಲಿಲ್ಲ ಎಂದೂ ಬೈಬಲಿನ ಆದಿಕಾಂಡದ ಮೇಲಿನ ಮಿದ್ರಾಷ್ ವ್ಯಾಖ್ಯಾನ ಹೇಳುತ್ತದೆ. ತಾಲ್ಮುದಿನ ಯೋಮಾ ಭಾಗದಲ್ಲಿ ಕಾಮದ ಯೆತ್ಸೆರನ್ನು ಹಿಡಿದು ಮೂರು ದಿನ ಸೆರೆಯಲ್ಲಿಟ್ಟ ಕಥೆ ಬರುತ್ತದೆ. ಆ ಮೂರು ದಿನ ಇಸ್ರೇಲಿನಲ್ಲಿ ಎಲ್ಲಿ ಹುಡುಕಿದರೂ ಒಂದು ಹೊಸ ಕೋಳಿಮೊಟ್ಟೆ ಸಿಗಲಿಲ್ಲ. ಕೊಂದರೆ ಲೋಕವೇ ನಿಂತುಹೋದೀತೆಂದು ಹೆದರಿ, ಕಣ್ಣು ಕುರುಡು ಮಾಡಿ ಬಿಟ್ಟುಬಿಟ್ಟರು. ಬಹ್ಯಾನ ಐದನೆಯ ದ್ವಾರದಲ್ಲಿ ಈ ಮೊಟ್ಟೆಗೆ ಜಾಗವಿಲ್ಲ. ಅವನದು ನೇರ ಕಾಳಗ. ಕಾಳಗದಲ್ಲಿ ತೀಕ್ಷ್ಣತೆ ಇದೆ, ಆದರೆ ಬದುಕು ನಡೆಯುವುದಕ್ಕೆ ಬೇಕಾದ ಆಸೆಯೂ ವೈರಿಯ ಪಾಳೆಯಕ್ಕೇ ಸೇರಿಬಿಡುತ್ತದೆ.

ಗುರುಗಳು ಅದಕ್ಕಿಂತ ದೊಡ್ಡ ಕೆಲಸವೊಂದನ್ನೂ ಮಾಡಿದ್ದರು. ಬೈಬಲಿನ ಧರ್ಮೋಪದೇಶಕಾಂಡದ ಪ್ರಕಾರ ಏಳನೆಯ ವರ್ಷ ಸಾಲಗಳು ಮನ್ನಾ ಆಗುತ್ತವೆ. ಆ ವರ್ಷ ಹತ್ತಿರ ಬಂತೆಂದು ಬಡವನಿಗೆ ಸಾಲ ಕೊಡದಂಥ ನೀಚ ಯೋಚನೆ ಮನಸ್ಸಿಗೆ ಬಾರದಿರಲಿ ಎಂದು ಅದೇ ಅಧ್ಯಾಯ ಎಚ್ಚರಿಸುತ್ತದೆ. ಭರವಸೆ ಮತ್ತು ಯೆತ್ಸೆರ್ ಇಲ್ಲಿ ಮುಖಾಮುಖಿಯಾಗುವುದು ಒಬ್ಬ ಬಡವನ ಎದುರಿನಲ್ಲಿ. ಜನ ಸೋತರು, ಸಾಲ ಕೊಡುವುದನ್ನೇ ನಿಲ್ಲಿಸಿದರು. ಅದನ್ನು ಕಂಡ ಗುರು ಹಿಲ್ಲೆಲ್ ‘ಪ್ರೊಸ್ಬೂಲ್’ ಎಂಬ ಪತ್ರದ ವ್ಯವಸ್ಥೆ ತಂದ, ಸಾಲದ ವಸೂಲಿಯನ್ನು ನ್ಯಾಯಾಲಯಕ್ಕೆ ಒಪ್ಪಿಸಿ ಮನ್ನಾದಿಂದ ಉಳಿಸಿಕೊಳ್ಳುವ ದಾರಿ. ನಿಮ್ಮ ಭರವಸೆ ಸಾಲದು ಎಂದು ಅವನು ಬೈಯುತ್ತ ಕೂರಲಿಲ್ಲ. ಬಡವನಿಗೆ ಹಣ ಸಿಗಬೇಕು, ಅದು ಮೊದಲು. ಭರವಸೆಯ ಕುರಿತ ಯಾವ ಪ್ರವಚನಕ್ಕಿಂತಲೂ ಈ ಕಾನೂನು ತಿದ್ದುಪಡಿ ನನಗೆ ದೊಡ್ಡದಾಗಿ ಕಾಣುತ್ತದೆ.

ಭರವಸೆಯನ್ನು ಅದರ ತುದಿಯವರೆಗೂ ಎಳೆದವರು ನೊವಾರ್ಡೊಕ್‌ನವರು. ಇಂದಿನ ಬೆಲಾರುಸ್‌ನಲ್ಲಿರುವ ಆ ಊರಿನಲ್ಲಿ ಯೋಸೆಫ್ ಯೊಜೆಲ್ ಹೊರೊವಿಟ್ಸ್ 1896ರಲ್ಲಿ ಯೆಶಿವಾ, ಅಂದರೆ ಯಹೂದಿ ಧರ್ಮಪಾಠಶಾಲೆ, ತೆರೆದರು. ಪ್ರಯತ್ನವೂ ಬೇಡ, ಭರವಸೆ ಒಂದೇ ಸಾಕು ಎಂಬುದು ಅವರ ನಿಲುವು. ಜನ ಏನೆಂದುಕೊಂಡಾರೋ ಎಂಬ ಅಳುಕನ್ನು ಮುರಿಯಲು ವಿದ್ಯಾರ್ಥಿಗಳು ಔಷಧದಂಗಡಿಗೆ ಹೋಗಿ ಮೊಳೆ ಕೇಳುತ್ತಿದ್ದರು, ನಗೆಪಾಟಲಿಗೀಡಾಗಿ ಬರುತ್ತಿದ್ದರು. ನಾಚಿಕೆಯನ್ನು ಗೆದ್ದ ಈ ಹುಡುಗರ ಮೇಲೆ ನನಗೆ ಗೌರವವಿದೆ. ಆದರೂ ಕೌಂಟರಿನ ಆಚೆ ನಿಂತ ಅಂಗಡಿಯವನು ಇಲ್ಲಿ ಮತ್ತೆ ಬರೀ ಅಭ್ಯಾಸದ ಸಲಕರಣೆ. ಪೋಲೆಂಡಿನಲ್ಲಿ ಹಬ್ಬಿದ್ದ ಇವರ ಶಾಖೆಗಳು ಎರಡನೇ ಮಹಾಯುದ್ಧದಲ್ಲಿ ನಾಶವಾದವು. ಎಲ್ಲ ಒಳ್ಳೆಯದೇ ಆಗುತ್ತದೆ ಎಂಬ ಅರ್ಥದ ಭರವಸೆಯನ್ನು ಆಮೇಲೆ ಯಾರೂ ಹಗುರವಾಗಿ ಬೋಧಿಸುವಂತಿರಲಿಲ್ಲ.

ಅದೇ ಬೆಲಾರುಸ್ ಸೀಮೆಯಲ್ಲಿ ಹುಟ್ಟಿ, 1933ರಲ್ಲಿ ಪ್ಯಾಲೆಸ್ಟೈನಿಗೆ ಬಂದು ಬ್ನೇ ಬ್ರಾಕ್‌ನಲ್ಲಿ ನೆಲೆಸಿದ ಅವ್ರಹಾಂ ಯೆಶಾಯಾ ಕರೇಲಿಟ್ಸ್, ‘ಹಜೋನ್ ಈಷ್’ ಎಂದೇ ಪ್ರಸಿದ್ಧರಾದವರು, 1953ರಲ್ಲಿ ತೀರಿಕೊಂಡರು. ಅವರ ಸಣ್ಣ ಪುಸ್ತಕ ‘ಎಮುನಾ ಉಬಿಟಾಹೋನ್’ ಪ್ರಕಟವಾದದ್ದು ಆಮೇಲೆ. ಭರವಸೆ ಎಂದರೆ ಒಳ್ಳೆಯದೇ ಆಗುತ್ತದೆಂಬ ಖಾತರಿ ಎಂದುಕೊಳ್ಳುವುದು ತಪ್ಪು ಎಂದು ಅವರು ಖಂಡತುಂಡವಾಗಿ ಹೇಳುತ್ತಾರೆ. ಯಾವುದೂ ಆಕಸ್ಮಿಕವಲ್ಲ, ಎಲ್ಲ ಅವನಿಂದಲೇ ಎಂದು ತಿಳಿದು ನಿಲ್ಲುವುದಷ್ಟೇ ಭರವಸೆ. ಮುಂದೆ ಒಂದು ಚಿತ್ರ ಬರುತ್ತದೆ. ಸಜ್ಜನ ವ್ಯಾಪಾರಿಯೊಬ್ಬ, ಬಾಯಿ ತೆರೆದರೆ ದೇವರ ಮೇಲಿನ ಭರವಸೆಯ ಮಾತೇ. ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಇನ್ನೊಬ್ಬ ಅಂಥದೇ ಅಂಗಡಿ ತೆರೆಯಲು ಹೊರಟ ಸುದ್ದಿ ಬರುತ್ತದೆ. ಅಂದಿನಿಂದ ಅವನಿಗೆ ನಿದ್ದೆಯಿಲ್ಲ, ಆ ಅಂಗಡಿಯನ್ನು ತಡೆಯುವುದು ಹೇಗೆಂಬ ತಂತ್ರ, ತಂತ್ರಕ್ಕೆ ಶಾಸ್ತ್ರದ ಸಮರ್ಥನೆ. ಇಷ್ಟು ದಿನ ಅವನ ನೆಮ್ಮದಿಗೆ ಕಾರಣವಾಗಿದ್ದದ್ದು ದೇವರೋ ಗಲ್ಲಾಪೆಟ್ಟಿಗೆಯೋ ಎಂಬುದು ಈಗ ಬಯಲಾಗುತ್ತದೆ. ನಿಜವಾಗಿ ನಂಬಿದವನಾದರೆ ಹೊಸ ಅಂಗಡಿಯವನಿಗೆ ತಾನೇ ಹೋಗಿ ನೆರವಾಗುತ್ತಿದ್ದ, ವ್ಯಾಪಾರದ ಬುದ್ಧಿಮಾತು ಹೇಳಿಕೊಡುತ್ತಿದ್ದ ಎನ್ನುತ್ತಾರೆ ಕರೇಲಿಟ್ಸ್.

ಬಹ್ಯಾನ ನಾಲ್ಕನೆಯ ದ್ವಾರದಲ್ಲಿ ಇಲ್ಲದಿದ್ದ ಮುಖ ಇದು. ಎದುರಂಗಡಿಯವನ ಮುಖ. ಐದನೆಯ ದ್ವಾರದಲ್ಲಿ ಬಹ್ಯಾ ಬಿಡಿಸಿಟ್ಟ ಯೆತ್ಸೆರಿನ ವಾದವೂ ಇಲ್ಲಿ ಕೆಲಸ ಮಾಡುತ್ತಿದೆ: ಅಂಗಡಿ ನಡೆಯುತ್ತಿದ್ದಾಗ ಎಲ್ಲ ದೇವರ ಕೃಪೆ, ಪೈಪೋಟಿ ಬಂದ ದಿನ ಎಲ್ಲ ನಿನ್ನ ಕೈಯಲ್ಲೇ. ಕರೇಲಿಟ್ಸ್ ಹೊಸ ತತ್ವವನ್ನೇನೂ ತರಲಿಲ್ಲ, ಬಹ್ಯಾನ ಎರಡು ದ್ವಾರಗಳನ್ನು ಒಂದೇ ಬೀದಿಗೆ ತಂದು ನಿಲ್ಲಿಸಿದರು. ಅವರಲ್ಲೂ ಒಂದು ಕೊರತೆ ನನಗೆ ಕಾಣುತ್ತದೆ. ಅಂಗಡಿ ಇರುವವನ ಪರೀಕ್ಷೆಯನ್ನು ಅವರು ಬರೆದರು, ಅಂಗಡಿ ಮುಚ್ಚಿಹೋದವನ ಮನೆಗೆ ಅಷ್ಟು ಹೊತ್ತು ಹೋಗಲಿಲ್ಲ. ಅಲ್ಲಿ ಹಿಲ್ಲೆಲನ ಪತ್ರವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಈಗ ಭರವಸೆಯ ದ್ವಾರವೊಂದನ್ನೇ ಬೇರ್ಪಡಿಸಿ ಬಿಡಿ ಪುಸ್ತಕವಾಗಿ ಅಚ್ಚು ಹಾಕುವ ರೂಢಿ ಬೆಳೆದಿದೆ. ಆತಂಕದ ಕಾಲದಲ್ಲಿ ಅದಕ್ಕೆ ಓದುಗರು ಹೆಚ್ಚು, ಸಮಾಧಾನ ಸಿಗುವುದೂ ಸುಳ್ಳಲ್ಲ. ಆದರೂ ಇದು ಗ್ರಂಥಕ್ಕೆ ಮಾಡುವ ಅನ್ಯಾಯ. ಬಹ್ಯಾ ಐದನೆಯ ದ್ವಾರವನ್ನು ಅದರ ಬೆನ್ನಿಗೇ ಇಟ್ಟದ್ದು ಸುಮ್ಮನೆ ಅಲ್ಲ. ನಾಲ್ಕನೆಯದರಲ್ಲಿ ನೆಮ್ಮದಿ ಪಡೆದವನು ಪುಟ ತಿರುಗಿಸಿದೊಡನೆ ಆ ನೆಮ್ಮದಿಗೆ ಪಾಟೀಸವಾಲು ಹಾಕುವ ದನಿಯನ್ನು ಕೇಳಬೇಕು. ಅಚ್ಚು ಹಾಕುವವರು ಎರಡನ್ನೂ ಸೇರಿಸಿಯೇ ಹಾಕಲಿ. ಕರೇಲಿಟ್ಸರ ಅಂಗಡಿಯ ಅಧ್ಯಾಯವನ್ನು ಕೊನೆಗೆ ಅನುಬಂಧವಾಗಿ ಸೇರಿಸಿದರೆ ಇನ್ನೂ ಒಳ್ಳೆಯದು.