ಹನ್ನೊಂದೋ ಹನ್ನೆರಡೋ: ಕಬ್ಬಿನ ಬಿಲ್ಲಿನಲ್ಲಿ ದಶಮಾಂಶ

ಹಣದ ಲೆಕ್ಕ ಬರೆಯುವ ಪ್ರೋಗ್ರಾಮರ್‌ಗೆ ಹಿರಿಯರು ಕೊಡುವ ಮೊದಲ ಬುದ್ಧಿಮಾತು ಈಗ ಮಂತ್ರವೇ ಆಗಿದೆ: ಬೈನರಿ ಫ್ಲೋಟ್ ಮುಟ್ಟಬೇಡ, ಡೆಸಿಮಲ್ ಹಾಕು. ಅದರ ಮೊದಲರ್ಧಕ್ಕೆ ನನ್ನ ತಕರಾರಿಲ್ಲ. ಐಬಿಎಂನ ಮೈಕ್ ಕೌಲಿಶಾ ಪಟ್ಟು ಹಿಡಿದು ಬೆಳೆಸಿದ, 2008ರಲ್ಲಿ ಐಇಇಇ 754 ಮಾನಕದೊಳಗೆ ಬಂದ ಡೆಸಿಮಲ್ ಫ್ಲೋಟಿಂಗ್ ಪಾಯಿಂಟ್ ಕೂಡ ಅಚ್ಚುಕಟ್ಟಾದ ಕೆಲಸವೇ. ಆದರೆ ಕರೋಶಿ ಎಂಬ ಊರಿನ ಕಬ್ಬು ಬೆಳೆಗಾರನ ಬಿಲ್ಲಿಗೆ ಅದು ತಕ್ಕದ್ದಲ್ಲ. ಅಲ್ಲಿಗೆ ಬೇಕಾದದ್ದು ಹಳೆಯ ಕೋಬಾಲ್ ಭಾಷೆಯ ಕಾಲದ್ದೆಂದು ಮೂಲೆಗೆ ಸರಿಸಿರುವ, ಎಷ್ಟು ಸ್ಥಾನವೆಂದು ಮೊದಲೇ ಗೊತ್ತುಮಾಡಿ ಪೂರ್ಣಾಂಕವಾಗಿ ಇಡುವ ಫಿಕ್ಸೆಡ್ ಪಾಯಿಂಟ್.

2025-26ರ ಹಂಗಾಮಿನ ಎಫ್‌ಆರ್‌ಪಿ, ಅಂದರೆ ಕಬ್ಬಿಗೆ ಸರ್ಕಾರ ನಿಗದಿ ಮಾಡಿದ ನ್ಯಾಯಯುತ ಮತ್ತು ಲಾಭದಾಯಕ ದರ, ನೋಡಿ. ಶೇ 10.25 ರಿಕವರಿಗೆ (ಕಬ್ಬಿನಿಂದ ಬರುವ ಸಕ್ಕರೆಯ ಪ್ರಮಾಣಕ್ಕೆ) ಕ್ವಿಂಟಲ್‌ಗೆ 355 ರೂಪಾಯಿ. ಅದಕ್ಕಿಂತ ಮೇಲಿನ ಪ್ರತಿ ಶೇ 0.1ಕ್ಕೆ 3.46 ರೂಪಾಯಿ ಹೆಚ್ಚಿಗೆ. ತುಂಬಿದ 0.1ಗಳನ್ನಷ್ಟೇ ಎಣಿಸುವ ಪ್ರೋಗ್ರಾಂ ಒಂದಿದೆ ಎಂದುಕೊಳ್ಳೋಣ. ರಿಕವರಿ 11.45 ಆದರೆ ಹೆಚ್ಚಳ 1.20, ಅಂದರೆ ಹನ್ನೆರಡು ಮೆಟ್ಟಿಲು. ಬೈನರಿ ಡಬಲ್‌ನಲ್ಲಿ 11.45 ಕೂದಲೆಳೆಯಷ್ಟು ಕಡಿಮೆ ಕೂರುತ್ತದೆ. ಅದರಿಂದ 10.25 ಕಳೆದು 0.1ರಿಂದ ಭಾಗಿಸಿದರೆ ಹನ್ನೆರಡಕ್ಕೆ ತುಸು ಕೆಳಗಿನ ಸಂಖ್ಯೆ ಬರುತ್ತದೆ. ಭಿನ್ನಾಂಶ ಕತ್ತರಿಸಿದರೆ ಹನ್ನೊಂದು. ಟನ್ನಿಗೆ 34 ರೂಪಾಯಿ 60 ಪೈಸೆ ಹೋಯಿತು. ಇಪ್ಪತ್ತು ಟನ್ನಿನ ಲೋಡಿಗೆ 692 ರೂಪಾಯಿ.

ಡೆಸಿಮಲ್ ಫ್ಲೋಟ್‌ನಲ್ಲಿ ಹನ್ನೆರಡೇ ಬರುತ್ತದೆ, ವಾದ ಮುಗಿಯಿತು ಎನ್ನುತ್ತಾರೆ ಅದರ ವಕೀಲರು. ಮುಗಿದಿಲ್ಲ. ರಿಕವರಿ ಎಂಬುದೇ ಒಂದು ಭಾಗಲಬ್ಧ: ಬಂದ ಸಕ್ಕರೆಯನ್ನು ನುರಿಸಿದ ಕಬ್ಬಿನಿಂದ ಭಾಗಿಸಿದ್ದು. ಅದು 11.4496 ಎಂದಿರಲಿ. ಪೈಥಾನ್‌ನ ಡೆಸಿಮಲ್, ಏನೂ ಹೇಳದಿದ್ದರೆ, 28 ಅಂಕಿಗಳವರೆಗೆ ಹಿಡಿದುಕೊಂಡು ಸದ್ದಿಲ್ಲದೆ ಮುಂದೆ ಹೋಗುತ್ತದೆ. ಹೆಚ್ಚಳ 1.1996, ಮೆಟ್ಟಿಲು ಹನ್ನೊಂದು. ರೈತನ ಕೈಗೆ ಬರುವ ಚೀಟಿಯಲ್ಲಿ ಮಾತ್ರ ಎರಡು ಸ್ಥಾನಕ್ಕೆ ಅಚ್ಚಾದ 11.45. ಅವನು ಪೆನ್ಸಿಲ್ ಹಿಡಿದು ಕೂತರೆ ಹನ್ನೆರಡು ಸಿಗುತ್ತದೆ, ಬಿಲ್ಲಿನಲ್ಲಿ ಹನ್ನೊಂದಿರುತ್ತದೆ. ಪ್ರತಿ ಕೂಡಿಸು-ಕಳೆಯೂ ಸರಿಯಾಗಿದ್ದು, ರೈತ ತಾಳೆ ನೋಡಲಾಗದ ಬಿಲ್ಲು ಇದು. ಭಿನ್ನಾಂಶಕ್ಕೂ ಹಣ ಕೊಡುವ ನಿಯಮವಿದ್ದರೆ ವ್ಯತ್ಯಾಸ ಕ್ವಿಂಟಲ್‌ಗೆ ಒಂದೂವರೆ ಪೈಸೆಯೂ ಆಗದು, ನಿಜ. ಆಗಲೂ ಚೀಟಿಗೂ ಬಿಲ್ಲಿಗೂ ತಾಳೆಯಿಲ್ಲ.

ಡೆಸಿಮಲ್‌ನಲ್ಲೂ ಬೇಕಾದಲ್ಲಿ ದುಂಡಾಗಿಸಬಹುದಲ್ಲ ಎಂಬ ಉತ್ತರ ಸಿದ್ಧವಿರುತ್ತದೆ. ಆಗುತ್ತದೆ, ಪ್ರೋಗ್ರಾಮರ್‌ಗೆ ನೆನಪಾದರೆ. ಫಿಕ್ಸೆಡ್ ಪಾಯಿಂಟ್‌ನಲ್ಲಿ ರಿಕವರಿಯನ್ನು 1145 ಎಂಬ ಪೂರ್ಣಾಂಕವಾಗಿ ಇಡುವ ಹೊತ್ತಿಗೇ ಎಷ್ಟು ಸ್ಥಾನ ಎಂಬುದು ತೀರ್ಮಾನವಾಗಿರುತ್ತದೆ. ಜಾವಾದ ಬಿಗ್‌ಡೆಸಿಮಲ್ ಈ ವಿಷಯದಲ್ಲಿ ಮೆಚ್ಚುವಂಥದ್ದು: ಸ್ಥಾನ, ವಿಧಾನ ಹೇಳದೆ 1ನ್ನು 3ರಿಂದ ಭಾಗಿಸು ಎಂದರೆ ಎಕ್ಸೆಪ್ಶನ್ ಎಸೆದು ನಿಲ್ಲುತ್ತದೆ.

(ದಶಮಾಂಶ ನಾಣ್ಯ ಬಂದ 1957ರ ಏಪ್ರಿಲ್ 1ರ ಹಿಂದಿನ ರೂಪಾಯಿಗೆ ಬೈನರಿಯೂ ಸಾಕಿತ್ತು. 16 ಆಣೆ, 64 ಪೈಸೆ ಎರಡೂ ಎರಡರ ಘಾತಗಳು. 192 ಪೈಗಳ ಲೆಕ್ಕದಲ್ಲಷ್ಟೇ ತೊಡಕು.)

ಇನ್ನು ಪೇಟ್ರಿಯಟ್ ಕ್ಷಿಪಣಿಯ ಕತೆ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಅದು ಇರಾಕಿನ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ, 28 ಅಮೆರಿಕನ್ ಸೈನಿಕರು ಸತ್ತರು. ಫ್ಲೋಟಿಂಗ್ ಪಾಯಿಂಟ್‌ನ ಅಪಾಯಕ್ಕೆ ಇದನ್ನೇ ಉದಾಹರಿಸುವ ವಿಮರ್ಶಕರು ಬಹಳ. ನನ್ನ ಪಕ್ಷಕ್ಕೆ ಅನುಕೂಲವಾದರೂ ಅದು ತಪ್ಪು. ಆ ಗಣಕದಲ್ಲಿದ್ದದ್ದು 24 ಬಿಟ್‌ನ ಫಿಕ್ಸೆಡ್ ಪಾಯಿಂಟ್! ಸೆಕೆಂಡಿನ ಹತ್ತನೇ ಒಂದು ಭಾಗವನ್ನು ಬೈನರಿಯಲ್ಲಿ ಕತ್ತರಿಸಿ ಇಟ್ಟಿದ್ದರು; ನೂರು ಗಂಟೆ ಓಡಿದ ಮೇಲೆ ಗಡಿಯಾರ 0.34 ಸೆಕೆಂಡು ತಪ್ಪಿತು. ದೋಷವಿದ್ದದ್ದು ಎರಡರ ಆಧಾರದಲ್ಲಿ, ಕತ್ತರಿಸುವಿಕೆಯಲ್ಲಿ. ಇದನ್ನು ಬಿಡಿಸಿ ಹೇಳದ ಪಾಠ, ಓದುವ ಹುಡುಗರನ್ನು ತಪ್ಪು ಶತ್ರುವಿನ ಕಡೆಗೆ ತಿರುಗಿಸುತ್ತದೆ. ಫಿಕ್ಸೆಡ್ ಪಾಯಿಂಟ್‌ನ ಬೆಂಬಲಿಗರೂ ಇದರಿಂದ ಕಲಿಯಬೇಕು: ಪೂರ್ಣಾಂಕ ಭಾಗಾಕಾರ ತಾನಾಗಿ ಕತ್ತರಿಸುತ್ತದೆ, ಕೇಳುವುದಿಲ್ಲ.

ಹಾಗಾದರೆ ಬಿಲ್ಲು ಹೇಗಿರಬೇಕು? ಕಾಟಾದಲ್ಲಿ ತೂಕ 18,370 ಕಿಲೋ, ರಿಕವರಿ 1145, ದರ ಕ್ವಿಂಟಲ್‌ಗೆ 39,652 ಪೈಸೆ. ಗುಣಿಸಿ ನೂರರಿಂದ ಭಾಗಿಸಿದರೆ 72,84,072 ಪೈಸೆ, ಮೇಲೆ ಪೈಸೆಯ ಹತ್ತರಲ್ಲಿ ನಾಲ್ಕು ಭಾಗ. ದುಂಡಾಗಿಸುವುದು ರಿಕವರಿಯನ್ನು ಬರೆದುಕೊಳ್ಳುವಾಗ ಒಮ್ಮೆ, ಇಲ್ಲಿ ಒಮ್ಮೆ, ಅಷ್ಟೇ. ಎರಡೂ ಕಡೆ ಏರಿಸಿದ್ದೋ ಬಿಟ್ಟದ್ದೋ ಎಂಬುದನ್ನು ಕಾರ್ಖಾನೆ ಬಿಲ್ಲಿನ ಬುಡದಲ್ಲೇ ಕನ್ನಡದಲ್ಲಿ ಅಚ್ಚು ಹಾಕಲಿ.